ಗಿರಣಿಯಂತೆ ಗುಂಯ್‌ಗುಡುವ ಕಂಪ್ಯೂಟರನ್ನು ಗಾಳಿಯಿಂದಲೇ ಸುಮ್ಮನಾಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ನಮ್ಮ ಮನೆಯ ಒಂದು ಕೋಣೆಯಲ್ಲಿ ಕುಳಿತು ನಾನು ಮದುವೆಯ ವಿಡಿಯೊಗಳ ಸಂಕಲನ ಮಾಡುತ್ತೇನೆ. ಒಂದು ರಾತ್ರಿ ಕರೆಂಟು ಹೋಯಿತು. ಮೇಲಿನ ಫ್ಯಾನು ನಿಂತಿತು, ಕಿಟಕಿಯ ಏರ್‌ಕೂಲರ್ ನಿಂತಿತು, ಓಣಿಯೇ ಸ್ತಬ್ಧವಾಯಿತು. ಯುಪಿಎಸ್ ಮೇಲೆ ಓಡುತ್ತಿದ್ದ ನನ್ನ ಕಂಪ್ಯೂಟರ್ ಮಾತ್ರ ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದುತ್ತಿದ್ದ ಮಗಳು, ‘ಅಪ್ಪಾ, ಇದು ದಿನಾಲೂ ಇಷ್ಟು ಸದ್ದು ಮಾಡುತ್ತದೆಯೇ?’ ಎಂದು ಕೇಳಿದಳು. ಅಂದಿನಿಂದ ಹಿಡಿದ ಹುಚ್ಚು ಇದು. ನೋಡಲು ಬಂದ ಗೆಳೆಯರು, ಫೋಟೊ ಸ್ಟುಡಿಯೊದವರು, ಡಿಟಿಪಿ ಮಾಡುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಊರಿನಲ್ಲಿ ಇಡೀ ಪೆಟ್ಟಿಗೆಗೆ ‘ಸಿಪಿಯು’ ಎನ್ನುವುದು ರೂಢಿ. ಈ ಬರಹದಲ್ಲಿ ಪೆಟ್ಟಿಗೆ ಎಂದರೆ ಕ್ಯಾಬಿನೆಟ್, ಪ್ರೊಸೆಸರ್ ಎಂದರೆ ಒಳಗಿನ ಚಿಪ್ಪು. ಎರಡನ್ನೂ ಬೆರೆಸಿದರೆ ಅಂಗಡಿಯಲ್ಲಿ ಬೇರೆಯದೇ ಸಾಮಾನು ಕೈಗೆ ಬರುತ್ತದೆ.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಹೇಗೆ ಗುರುತಿಸುವುದು?

ಪೆಟ್ಟಿಗೆಯ ಬಗಲಿನ ತಗಡನ್ನು ತೆಗೆದು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಒಂದೊಂದೇ ಭಾಗದ ಹತ್ತಿರ ಒಯ್ಯಿರಿ. ತಪ್ಪಿತಸ್ಥ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಾನೆ. ಅನುಮಾನ ಉಳಿದರೆ, ಆ ಫ್ಯಾನಿನ ನಟ್ಟನಡುವಿನ ಗುಂಡು ಭಾಗಕ್ಕೆ ಬೆರಳಿನಿಂದ ಮೆಲ್ಲಗೆ ಒತ್ತಿ ಎರಡು ಮೂರು ಸೆಕೆಂಡು ನಿಲ್ಲಿಸಿ. ರೆಕ್ಕೆಗಳಿಗೆ ಪೆನ್ನು ತುರುಕಬೇಡಿ. ಒಂದು ರೆಕ್ಕೆಯ ತುದಿ ಮುರಿದರೂ ತೂಕ ತಪ್ಪಿ ಆ ಫ್ಯಾನು ಜೀವನವಿಡೀ ನಡುಗುತ್ತದೆ.

ಸದ್ದಿನ ಸ್ವಭಾವವೂ ಸುಳಿವು ಕೊಡುತ್ತದೆ. ‘ಹೋ’ ಎಂಬ ಅಗಲವಾದ ಸದ್ದು ಗಾಳಿಯದು. ಕಟಕಟ ಎಂದರೆ ವೈರು ರೆಕ್ಕೆಗೆ ತಾಗುತ್ತಿದೆ ಅಥವಾ ಬೇರಿಂಗ್ ಸವೆದಿದೆ. ಒಂದೇ ಮಟ್ಟದ ಮಂದ್ರವಾದ ಗುಂಗು ಕೇಳಿಸಿದರೆ ಹಾರ್ಡ್ ಡಿಸ್ಕ್ ಇರಬಹುದು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಎಂದರೆ ಸೆಕೆಂಡಿಗೆ 120 ಸುತ್ತು, ಆ 120 ಹರ್ಟ್ಸ್ ನಡುಕ ತಗಡಿನ ಪೆಟ್ಟಿಗೆಗೆ ದಾಟಿದರೆ ಪೆಟ್ಟಿಗೆಯೇ ತಂಬೂರಿಯಾಗುತ್ತದೆ. ಜೀರುಂಡೆ ಕಿರುಚಿದಂತಹ ತೀಕ್ಷ್ಣ ಸದ್ದು ಫ್ಯಾನಿನದಲ್ಲ, ಅದರ ಮಾತು ಮುಂದೆ ಬರುತ್ತದೆ.

ಫ್ಯಾನ್ ನಿಧಾನ ಮಾಡಿದರೆ ಪ್ರೊಸೆಸರ್ ಸುಟ್ಟುಹೋಗುವುದಿಲ್ಲವೇ?

ಇಲ್ಲ. ಈಗಿನ ಪ್ರೊಸೆಸರ್‌ಗಳು ತಮ್ಮ ಕಾವನ್ನು ತಾವೇ ಅಳೆದುಕೊಳ್ಳುತ್ತವೆ. ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಚಿಪ್ಪುಗಳಿಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜೆನ್ 7000 ಸರಣಿಯ ಬಹುಪಾಲು ಚಿಪ್ಪುಗಳಿಗೆ 95 ಡಿಗ್ರಿ ಮೇಲ್ಮಿತಿ. ಅದನ್ನು ಮುಟ್ಟಿದರೆ ಚಿಪ್ಪು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ಆಫ್ ಆಗುತ್ತದೆ. 75 ಅಥವಾ 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕೆಲಸ ಮಾಡುವುದು ಅದಕ್ಕೆ ಸಹಜ. ನಮಗೆ 40 ಡಿಗ್ರಿ ಎಂದರೆ ಬೆವರು, ಅದಕ್ಕೆ 40 ಎಂದರೆ ಚಳಿ. ಪರದೆಯ ಮೇಲೆ 70 ಕಂಡ ಕೂಡಲೇ ಗಾಬರಿಯಾಗಿ ಫ್ಯಾನನ್ನು ಪೂರ್ತಿ ಬಿಡುವುದರಿಂದಲೇ ಅರ್ಧ ಊರಿನ ಕಂಪ್ಯೂಟರ್‌ಗಳು ಕಿರುಚುತ್ತಿವೆ.

ಒಂದು ಫ್ಯಾನ್ ಜೋರಾಗಿ ತಿರುಗುವುದು ಒಳ್ಳೆಯದೋ, ಮೂರು ಫ್ಯಾನ್ ನಿಧಾನವಾಗಿಯೋ?

ಮೂರು ನಿಧಾನವಾಗಿ. ಇದರ ಲೆಕ್ಕ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ವಿದ್ಯೆಯೆಲ್ಲ ನಿಂತಿರುವುದು ಇದರ ಮೇಲೆಯೇ.

ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದು ತಳ್ಳುವ ಗಾಳಿಯೂ ಸುಮಾರು ಅರ್ಧವಾಗುತ್ತದೆ. ಸದ್ದು ಮಾತ್ರ ಹೆಚ್ಚುಕಡಿಮೆ 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ ಎಂಬುದನ್ನು ನೆನೆದರೆ 15 ಎಂದರೆ ದೊಡ್ಡ ಲಾಭ. ಇತ್ತ, ಅದೇ ಸದ್ದಿನ ಇನ್ನೊಂದು ಫ್ಯಾನನ್ನು ಪಕ್ಕಕ್ಕೆ ಹಾಕಿದರೆ ಏರುವುದು 3 ಡೆಸಿಬೆಲ್ ಅಷ್ಟೇ. ಎರಡು ಫ್ಯಾನುಗಳನ್ನು ಅರ್ಧ ವೇಗದಲ್ಲಿ ಓಡಿಸಿ ಒಂದರಷ್ಟೇ ಗಾಳಿ ಪಡೆದರೂ ಕೈಯಲ್ಲಿ ಸುಮಾರು 12 ಡೆಸಿಬೆಲ್ ಉಳಿಯಿತು. ಇಷ್ಟು ಬಡ್ಡಿ ಕೊಡುವ ವ್ಯವಹಾರ ಬೇರೆಲ್ಲೂ ಇಲ್ಲ.

ಅಗಲದ ವಿಷಯವೂ ಹಾಗೆಯೇ. 80 ಮಿಲಿಮೀಟರಿನ ಫ್ಯಾನು 120ರಷ್ಟು ಗಾಳಿ ಕೊಡಬೇಕಾದರೆ ಬಹಳ ಓಡಬೇಕು. ಪೆಟ್ಟಿಗೆ ಹಿಡಿಸುವುದಾದರೆ 140, ಇಲ್ಲದಿದ್ದರೆ 120. ನಾನು ಮುಂದೆ ಎರಡು 140, ಹಿಂದೆ ಒಂದು 120 ಇಟ್ಟಿದ್ದೇನೆ. ಮುಂದಿನವು ಒಳಗೆಳೆಯುತ್ತವೆ, ಹಿಂದಿನದು ಹೊರಹಾಕುತ್ತದೆ. ನಾಲ್ಕನೆಯದು, ಐದನೆಯದು ಎಂದು ಏರಿಸುತ್ತ ಹೋದರೆ ಲಾಭ ಬೇಗನೆ ಕರಗುತ್ತದೆ.

ದುಡ್ಡು ಖರ್ಚು ಮಾಡದೆ ಮೊದಲು ಮಾಡಬಹುದಾದದ್ದು ಏನು?

ಕಾವನ್ನೇ ಕಡಿಮೆ ಹುಟ್ಟಿಸುವುದು. ಜನ ಇದನ್ನು ಕೊನೆಗೆ ಕೇಳುತ್ತಾರೆ, ಕೇಳಬೇಕಾದದ್ದು ಮೊದಲು.

ಪ್ರೊಸೆಸರ್ ತನ್ನ ಕೊನೆಯ ಒಂದಿಷ್ಟು ವೇಗಕ್ಕಾಗಿ ಲೆಕ್ಕಕ್ಕೆ ಮೀರಿ ವಿದ್ಯುತ್ ನುಂಗುತ್ತದೆ. ಇಂಟೆಲ್ ಐ5-12400 ಚಿಪ್ಪಿನ ಡಬ್ಬಿಯ ಮೇಲೆ 65 ವಾಟ್ ಎಂದಿದ್ದರೂ ಟರ್ಬೊದಲ್ಲಿ, ಅಂದರೆ ಸ್ವಲ್ಪ ಹೊತ್ತು ಹೆಚ್ಚುವರಿ ವೇಗದಲ್ಲಿ ಓಡುವಾಗ, ಅದಕ್ಕೆ 117 ವಾಟ್‌ವರೆಗೆ ಅನುಮತಿ ಇದೆ. ಅನೇಕ ಮದರ್‌ಬೋರ್ಡ್‌ಗಳು (ಒಳಗಿನ ಭಾಗಗಳೆಲ್ಲ ಕೂಡುವ ಮುಖ್ಯ ಫಲಕ) ಆ ಅನುಮತಿಗೆ ಕಾಲಮಿತಿಯನ್ನೂ ಹಾಕದೆ ಬಿಟ್ಟಿರುತ್ತವೆ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬೋರ್ಡಿನ ಹೊಂದಾಣಿಕೆಯ ಪರದೆ) ಹೋಗಿ ಪವರ್ ಮಿತಿಯನ್ನು 65 ವಾಟ್ ಎಂದು ಬರೆಯಿರಿ. ಎಎಂಡಿ ಚಿಪ್ಪು ಇದ್ದರೆ ‘ಇಕೊ ಮೋಡ್’ ಎಂಬುದನ್ನು ಹುಡುಕಿ. ನನ್ನ ಯಂತ್ರದಲ್ಲಿ ಹೀಗೆ ಮಾಡಿದ ಮೇಲೆ 20 ನಿಮಿಷದ ರೆಂಡರ್ (ಸಂಕಲನ ಮುಗಿದ ವಿಡಿಯೊವನ್ನು ಕಡತವಾಗಿ ಹೊರತೆಗೆಯುವ ಕೆಲಸ) 22 ನಿಮಿಷವಾಯಿತು. ಆ ಎರಡು ನಿಮಿಷದಲ್ಲಿ ನಾನು ಚಹಾ ಕುಡಿಯುತ್ತೇನೆ, ಮದುಮಗನೇನೂ ಬೇಸರ ಮಾಡಿಕೊಂಡಿಲ್ಲ.

ಬಯೋಸ್ ಎಂದರೆ ಹೆದರಿಕೆ ಎನ್ನುವವರಿಗೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸುವ ದಾರಿ ಇದೆ. ಸಾಮಾನ್ಯವಾಗಿ ಅಷ್ಟಕ್ಕೇ ಟರ್ಬೊ ನಿಂತುಹೋಗುತ್ತದೆ. ಒರಟು ಉಪಾಯ, ವೇಗ ಸ್ವಲ್ಪ ಹೆಚ್ಚೇ ಕಳೆದುಕೊಳ್ಳುತ್ತೀರಿ. ಟೈಪಿಂಗ್, ಲೆಕ್ಕಪತ್ರ, ಬ್ರೌಸಿಂಗ್ ಇಷ್ಟೇ ಇದ್ದರೆ ಗೊತ್ತೂ ಆಗುವುದಿಲ್ಲ.

ಡಿಸೆಂಬರ್‌ನಲ್ಲಿ ಸುಮ್ಮನಿದ್ದದ್ದು ಏಪ್ರಿಲ್‌ನಲ್ಲಿ ಯಾಕೆ ಕಿರುಚುತ್ತದೆ? ಕೆಟ್ಟಿದೆಯೇ?

ಕೆಟ್ಟಿಲ್ಲ. ವಿಜಯಪುರದಲ್ಲಿ ಇದು ಪ್ರತಿ ಬೇಸಿಗೆಯ ಪ್ರಶ್ನೆ.

ಗಾಳಿಯಿಂದ ತಣಿಸುವ ಯಾವ ಯಂತ್ರವೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಪ್ರೊಸೆಸರಿನ ಕಾವು ಎಂದರೆ ಕೋಣೆಯ ಉಷ್ಣಾಂಶ ಮತ್ತು ಅದರ ಮೇಲಿನ ಏರಿಕೆ, ಎರಡರ ಮೊತ್ತ. ಒಂದೇ ಕೆಲಸ, ಒಂದೇ ಫ್ಯಾನ್ ವೇಗ ಇದ್ದರೆ ಆ ಏರಿಕೆ ಹೆಚ್ಚೇನೂ ಬದಲಾಗುವುದಿಲ್ಲ. ಅದು 45 ಡಿಗ್ರಿ ಎಂದುಕೊಳ್ಳಿ. ಡಿಸೆಂಬರಿನಲ್ಲಿ ಕೋಣೆ 20 ಇದ್ದಾಗ ಪ್ರೊಸೆಸರ್ 65ರಲ್ಲಿ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 40 ದಾಟಿ, ಕೋಣೆಯೊಳಗೆ 37 ಆದಾಗ ಅದೇ ಕೆಲಸಕ್ಕೆ 82. ಚಳಿಗಾಲದಲ್ಲಿ ನೀವು ‘70 ದಾಟಿದರೆ ಪೂರ್ತಿ ವೇಗ’ ಎಂದು ಹೊಂದಿಸಿದ್ದರೆ ಬೇಸಿಗೆಯ ಮೂರು ತಿಂಗಳೂ ಫ್ಯಾನು ಪೂರ್ತಿ ವೇಗದಲ್ಲಿಯೇ ಇರುತ್ತದೆ.

ಆದ್ದರಿಂದ ನನ್ನ ಸಲಹೆ: ಫ್ಯಾನಿನ ವೇಗ ಹೊಂದಿಸುವ ಕೆಲಸವನ್ನು ಮೇ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ಮಾಡಿ. ಆ ಹೊತ್ತಿಗೆ ಸಹಿಸಬಹುದಾದ ಹೊಂದಾಣಿಕೆ ಸಿಕ್ಕರೆ ವರ್ಷದ ಉಳಿದ ತಿಂಗಳುಗಳ ಚಿಂತೆಯೇ ಇಲ್ಲ. ಬೆಂಗಳೂರಿನವರು ಹೇಳಿಕೊಡುವ ಸಂಖ್ಯೆಗಳನ್ನು ಇಲ್ಲಿಗೆ ತಂದು ಹಾಕಿದರೆ ನಡೆಯುವುದಿಲ್ಲ, ಅಲ್ಲಿನ ಬೇಸಿಗೆ ನಮಗೆ ಮಳೆಗಾಲವಿದ್ದಂತೆ.

ಹಾಗಾದರೆ ಫ್ಯಾನ್ ಕರ್ವ್ ಹೇಗೆ ಹಾಕುವುದು?

ಇಷ್ಟು ಕಾವಿಗೆ ಇಷ್ಟು ವೇಗ ಎಂದು ಹೇಳುವ ಗೆರೆಯೇ ಕರ್ವ್. ಬಯೋಸ್‌ನಲ್ಲಿ ಬೇರೆ ಬೇರೆ ಹೆಸರಿನಿಂದ ಇರುತ್ತದೆ: ಏಸಸ್ ಬೋರ್ಡ್‌ನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್. ವಿಂಡೋಸ್ ಒಳಗಿನಿಂದಲೇ ಮಾಡಬೇಕೆಂದರೆ ‘ಫ್ಯಾನ್ ಕಂಟ್ರೋಲ್’ ಎಂಬ ಉಚಿತ ತಂತ್ರಾಂಶ ಚೆನ್ನಾಗಿದೆ.

ನನ್ನದು ಹೀಗಿದೆ. 70 ಡಿಗ್ರಿವರೆಗೆ ಗೆರೆ ನೆಲದ ಮೇಲೆ ಮಲಗಿರುತ್ತದೆ, ಫ್ಯಾನು 35 ಶೇಕಡಾ. 70ರಿಂದ 85ರವರೆಗೆ ನಿಧಾನವಾಗಿ 65ಕ್ಕೆ ಏರುತ್ತದೆ. 90 ದಾಟಿದರೆ ಮಾತ್ರ ಪೂರ್ತಿ.

ಗೆರೆಗಿಂತಲೂ ಮುಖ್ಯವಾದದ್ದು ತಡ. ಬ್ರೌಸರ್ ತೆರೆದ ಕೂಡಲೇ ಪ್ರೊಸೆಸರ್ 15 ಡಿಗ್ರಿ ಮೇಲೆ ಜಿಗಿದು ಮರುಕ್ಷಣ ಕೆಳಗಿಳಿಯುತ್ತದೆ. ಚಿಪ್ಪು ಚಿಕ್ಕದು, ಜಿಗಿಯುತ್ತದೆ. ಅದರ ಮೇಲೆ ಕುಳಿತು ಕಾವು ಹೀರುವ ಅರ್ಧ ಕಿಲೋ ಲೋಹ, ಅಂದರೆ ಹೀಟ್‌ಸಿಂಕ್, ಅಷ್ಟರಲ್ಲಿ ಬೆಚ್ಚಗೂ ಆಗಿರುವುದಿಲ್ಲ. ಪ್ರತಿ ಜಿಗಿತಕ್ಕೂ ಫ್ಯಾನು ‘ವ್ರೂಂ’ ಎಂದು ಏರಿ ಇಳಿಯುವುದು ಸಮನಾದ ಸದ್ದಿಗಿಂತ ಹೆಚ್ಚು ಕಾಡುತ್ತದೆ. ‘ಸ್ಟೆಪ್ ಅಪ್ ಟೈಮ್’ ಅಥವಾ ‘ಸ್ಮೂಥಿಂಗ್’ ಎಂಬಲ್ಲಿ ಸಿಗುವ ಅತಿ ದೊಡ್ಡ ಅವಧಿಯನ್ನು ಕೊಡಿ. ಈ ಒಂದೇ ಬದಲಾವಣೆಯಿಂದ ‘ಹೊಸ ಫ್ಯಾನ್ ಹಾಕಿಸಿದೆಯಾ?’ ಎಂದು ಕೇಳಿದವರಿದ್ದಾರೆ.

ಒಂದು ಎಚ್ಚರಿಕೆ: ವೇಗ ಬಹಳ ಇಳಿಸಿದರೆ ಕೆಲವು ಬೋರ್ಡ್‌ಗಳು ‘ಸಿಪಿಯು ಫ್ಯಾನ್ ಎರರ್’ ಎಂದು ಶುರುವಿನಲ್ಲಿಯೇ ನಿಂತುಬಿಡುತ್ತವೆ. ಬಯೋಸ್‌ನಲ್ಲಿ ಕನಿಷ್ಠ ಸುತ್ತಿನ ಎಚ್ಚರಿಕೆಯ ಮಿತಿಯನ್ನು 200 ಅಥವಾ 300ಕ್ಕೆ ಇಳಿಸಿದರೆ ಸರಿ.

ನನ್ನ ಫ್ಯಾನುಗಳ ವೇಗ ಏನು ಮಾಡಿದರೂ ಬದಲಾಗುವುದಿಲ್ಲ.

ಬಹುಶಃ ಅವು ಎಸ್‌ಎಂಪಿಎಸ್‌ನ (ಪೆಟ್ಟಿಗೆಯೊಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಡಬ್ಬಿ) ದೊಡ್ಡ ನಾಲ್ಕು ಪಿನ್ನಿನ ಮೋಲೆಕ್ಸ್ ವೈರಿಗೆ ನೇರವಾಗಿ ಸಿಕ್ಕಿಸಲ್ಪಟ್ಟಿವೆ. ಅಲ್ಲಿ ಸದಾ 12 ವೋಲ್ಟ್, ಸದಾ ಪೂರ್ತಿ ವೇಗ. ನಾನೂ ಮೊದಲ ಸಲ ಬಣ್ಣದ ದೀಪಗಳಿಗೆ ಮರುಳಾಗಿ ಅಂಥ ಮೂರು ಕೊಂಡು ತಂದು, ರಾತ್ರಿಯೆಲ್ಲ ಬಯೋಸ್‌ನಲ್ಲಿ ತಡಕಾಡಿದ್ದೇನೆ. ಫ್ಯಾನಿನ ಸಣ್ಣ ಪ್ಲಗ್ಗು ಮದರ್‌ಬೋರ್ಡಿಗೆ ಹೋಗಬೇಕು. ನಾಲ್ಕು ಪಿನ್ ಇದ್ದರೆ ನಾಲ್ಕನೆಯ ಪಿನ್ನಿನಲ್ಲಿ ಬರುವ ಪಿಡಬ್ಲ್ಯೂಎಂ ಎಂಬ ಸಂಕೇತದಿಂದ ವೇಗ ಬದಲಾಗುತ್ತದೆ. ಮೂರು ಪಿನ್ ಇದ್ದರೆ ವೋಲ್ಟೇಜ್ ಏರಿಳಿಸಿ ಬದಲಿಸಬೇಕು, ಬಯೋಸ್‌ನಲ್ಲಿ ಆ ಫ್ಯಾನನ್ನು ‘ಡಿಸಿ’ ಎಂದು ಗುರುತಿಸಬೇಕು. ಇದನ್ನು ಮರೆತವರಿಗೂ ಫ್ಯಾನು ಪೂರ್ತಿ ವೇಗದಲ್ಲಿಯೇ ಓಡುತ್ತದೆ.

ಮುಂಭಾಗ ಪೂರ್ತಿ ಗಾಜಿರುವ ಪೆಟ್ಟಿಗೆ. ಚೆಂದವಿದೆ. ತೊಂದರೆ ಇದೆಯೇ?

ಇದೆ. ತಿಕೋಟಾ ಕಡೆ ಹೋದವರು ಒಣದ್ರಾಕ್ಷಿಯ ಶೆಡ್‌ಗಳನ್ನು ನೋಡಿರುತ್ತೀರಿ. ಮೇಲೆ ನೆರಳು, ಒಳಗೆ ಅಂತಸ್ತು ಅಂತಸ್ತಾಗಿ ಜಾಲರಿ, ಗಾಳಿ ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹೋಗುತ್ತದೆ. ಆ ಶೆಡ್ಡಿಗೆ ಯಾರೂ ಮುಂದೆ ಗಾಜಿನ ಗೋಡೆ ಕಟ್ಟಿ ಹಿಂದಿನಿಂದ ದೊಡ್ಡ ಫ್ಯಾನು ಬಿಡುವುದಿಲ್ಲ. ಕಂಪ್ಯೂಟರ್ ಪೆಟ್ಟಿಗೆ ಮಾಡುವವರು ಮಾತ್ರ ಅದನ್ನು ಮಾಡುತ್ತಾರೆ.

ಪರೀಕ್ಷೆ ಸುಲಭ. ಭಾರವಾದ ಕೆಲಸವೊಂದನ್ನು 20 ನಿಮಿಷ ಓಡಿಸಿ ಕಾವು ಬರೆದುಕೊಳ್ಳಿ. ಮುಂದಿನ ಮುಖವನ್ನು ಕಿತ್ತು ಮತ್ತೆ 20 ನಿಮಿಷ ಓಡಿಸಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ನಿಮ್ಮ ಪೆಟ್ಟಿಗೆ ಉಸಿರು ಕಟ್ಟಿ ಕುಳಿತಿದೆ. ಜಾಲರಿ ಮುಖದ ಪೆಟ್ಟಿಗೆ ಕೊಳ್ಳುವುದು ಒಂದು ದಾರಿ. ಇನ್ನೊಂದು ನಾನು ಮಾಡಿದ್ದು: ಗಾಜನ್ನು ತೆಗೆದು, ಕಿಟಕಿಗೆ ಬಡಿಯುವ ಸೊಳ್ಳೆ ಜಾಲರಿಯನ್ನು ಅಳತೆಗೆ ಕತ್ತರಿಸಿ ಅಂಟಿಸಿದೆ. ಹೆಂಡತಿಗೆ ಇಷ್ಟವಾಗಲಿಲ್ಲ. ಈಗ ರೂಢಿಯಾಗಿದೆ.

ಹಳೆಯ ತಗಡಿನ ಪೆಟ್ಟಿಗೆಗಳಲ್ಲಿ ಫ್ಯಾನಿನ ಮುಂದೆ ತಗಡಿಗೇ ಸಣ್ಣ ಸಣ್ಣ ತೂತು ಹೊಡೆದಿರುತ್ತಾರೆ. ಅರ್ಧ ಭಾಗ ತಗಡೇ ಉಳಿದಿರುತ್ತದೆ, ಗಾಳಿ ಅದರಲ್ಲಿ ನುಸುಳುವಾಗ ಸೀಟಿ ಹಾಕುತ್ತದೆ. ಧೈರ್ಯವಿದ್ದವರು ಎಲ್ಲ ಭಾಗಗಳನ್ನೂ ಹೊರತೆಗೆದು, ಆ ತಗಡನ್ನು ಕತ್ತರಿಸಿ ತಂತಿಯ ಕಾವಲು ಹಾಕಬಹುದು. ಲೋಹದ ಪುಡಿ ಒಳಗೆ ಒಂದು ಚೂರೂ ಉಳಿಯಬಾರದು.

ಬಗಲಿನ ತಗಡನ್ನು ತೆಗೆದೇ ಇಟ್ಟರೆ?

ಕಾವು ಇಳಿಯಬಹುದು. ಸದ್ದು ನೇರ ಕಿವಿಗೆ, ಧೂಳು ನೇರ ಬೋರ್ಡಿಗೆ, ಹಲ್ಲಿ ನೇರ ಎಸ್‌ಎಂಪಿಎಸ್ ಪಕ್ಕಕ್ಕೆ.

ಧೂಳಿಗೆ ಏನು ಮಾಡುತ್ತೀರಿ?

ಈ ಪ್ರಶ್ನೆಗೆ ಪ್ರತ್ಯೇಕ ಪುಸ್ತಕವನ್ನೇ ಬರೆಯಬಹುದು. ನಮ್ಮ ಎರೆಮಣ್ಣಿನ ಧೂಳು ಟಾಲ್ಕಮ್ ಪೌಡರಿನಷ್ಟು ನುಣುಪು. ಜೋಳದ ರಾಶಿಯ ದಿನಗಳಲ್ಲಿ ಅದಕ್ಕೆ ಹೊಟ್ಟು ಸೇರುತ್ತದೆ, ಮುಂಗಾರಿಗೆ ಮುಂಚಿನ ಬಿರುಗಾಳಿಯಲ್ಲಿ ಹೊಲವೇ ಎದ್ದು ಮನೆಯೊಳಗೆ ಬರುತ್ತದೆ. ಮನೆಯ ಹತ್ತಿರ ಹಿಟ್ಟಿನ ಗಿರಣಿ ಇದ್ದರೆ ಕೇಳುವುದೇ ಬೇಡ.

ಧೂಳು ಸದ್ದಾಗುವುದು ಹೀಗೆ. ಹೀಟ್‌ಸಿಂಕಿನ ತೆಳು ಲೋಹದ ರೆಕ್ಕೆಗಳು ಒಂದಕ್ಕೊಂದು ಎರಡು ಮಿಲಿಮೀಟರ್ ದೂರದಲ್ಲಿರುತ್ತವೆ. ಫ್ಯಾನಿಗೂ ಆ ರೆಕ್ಕೆಗಳಿಗೂ ನಡುವೆ ಧೂಳು, ಕೂದಲು, ಹತ್ತಿಯ ಎಳೆ ಸೇರಿ ಕಂಬಳಿಯಂತೆ ಕೂಡುತ್ತದೆ. ಹೊರಗಿನಿಂದ ಫ್ಯಾನು ಸ್ವಚ್ಛವಾಗಿಯೇ ಕಾಣುತ್ತದೆ. ಫ್ಯಾನನ್ನು ಬಿಚ್ಚಿದರೆ ಮಾತ್ರ ಆ ಕಂಬಳಿ ಕಾಣುವುದು. ‘ಪ್ರತಿ ತಿಂಗಳೂ ಒರೆಸುತ್ತೇನೆ’ ಎನ್ನುವವರ ಪೆಟ್ಟಿಗೆಯಲ್ಲಿಯೂ ನಾನು ಅದನ್ನು ಹಪ್ಪಳದಂತೆ ಎತ್ತಿ ತೋರಿಸಿದ್ದೇನೆ. ಗಾಳಿ ದಾಟದಿದ್ದರೆ ಕಾವು ಏರುತ್ತದೆ, ಕಾವು ಏರಿದರೆ ಫ್ಯಾನು ಓಡುತ್ತದೆ, ಓಡಿದಷ್ಟೂ ಹೆಚ್ಚು ಧೂಳು ಎಳೆದುಕೊಳ್ಳುತ್ತದೆ.

ಸ್ವಚ್ಛ ಮಾಡುವಾಗ ಪ್ಲಗ್ಗು ಕಿತ್ತು ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ಯಿರಿ. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಗಾಳಿಗಿರಣಿಯಂತೆ ವಿಪರೀತ ತಿರುಗಿ ಬೇರಿಂಗ್ ಹಾಳಾಗುತ್ತದೆ, ತಿರುಗುವ ಮೋಟರು ಹಿಮ್ಮುಖವಾಗಿ ವಿದ್ಯುತ್ತನ್ನೂ ಹುಟ್ಟಿಸುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಬೋರ್ಡಿಗೆ ತಾಗಿಸಬೇಡಿ, ಸ್ಥಿರ ವಿದ್ಯುತ್ತಿನ ಭಯವಿದೆ. ಒದ್ದೆ ಬಟ್ಟೆ ಬೇಡ.

ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಆಗ ಸಂದುಗೊಂದುಗಳಿಂದ ಗಾಳಿ ಹೊರಗೆ ಸೋರುತ್ತದೆ, ಧೂಳು ಜಾಲರಿಯ ದಾರಿಯಿಂದ ಮಾತ್ರ ಬರಬೇಕಾಗುತ್ತದೆ. ಆ ಜಾಲರಿಯನ್ನು ನಾನು ಹದಿನೈದು ದಿನಕ್ಕೊಮ್ಮೆ, ರಾಶಿಯ ಕಾಲದಲ್ಲಿ ವಾರಕ್ಕೊಮ್ಮೆ ಜಾಡಿಸುತ್ತೇನೆ. ಹಳೆಯ ಪಂಚೆಯನ್ನು ಎರಡು ಮಡಿಕೆ ಮಾಡಿ ಹಾಕಿದವರನ್ನು ಕಂಡಿದ್ದೇನೆ. ಧೂಳು ಬರುವುದಿಲ್ಲ ನಿಜ, ಗಾಳಿಯೂ ಬರುವುದಿಲ್ಲ.

ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಎಷ್ಟು ದಿನಕ್ಕೆ ಬದಲಿಸಬೇಕು?

ಮೂರು ನಾಲ್ಕು ವರ್ಷಕ್ಕೆ, ಅಥವಾ ಹೀಟ್‌ಸಿಂಕ್ ಬಿಚ್ಚಿದಾಗಲೆಲ್ಲ. ಬಟಾಣಿ ಕಾಳಿನಷ್ಟು ಸಾಕು, ದೋಸೆಗೆ ಬೆಣ್ಣೆ ಹಚ್ಚಿದಂತೆ ಬೇಡ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಇಂಟೆಲ್ ಜೊತೆಗೆ ಬರುವ ಗುಂಡು ಫ್ಯಾನು ಇದ್ದರೆ ಅದರ ನಾಲ್ಕು ಪ್ಲಾಸ್ಟಿಕ್ ಮೊಳೆಗಳನ್ನು ಹಿಂದಿನಿಂದ ನೋಡಿ. ಸಾಗಿಸುವಾಗ ಒಂದು ಸಡಿಲವಾದರೂ ಹೀಟ್‌ಸಿಂಕು ಓರೆಯಾಗಿ ಕೂಡುತ್ತದೆ, ಆಮೇಲೆ ಯಾವ ಪೇಸ್ಟೂ ಉಳಿಸುವುದಿಲ್ಲ.

ಪ್ರೊಸೆಸರ್ ಜೊತೆಗೆ ಬಂದ ಹೀಟ್‌ಸಿಂಕ್ ಬದಲಿಸುವುದು ಅಗತ್ಯವೇ?

ದಿನಕ್ಕೆ ಒಂದು ಗಂಟೆಯಾದರೂ ಯಂತ್ರವನ್ನು ದುಡಿಸುವವರಾದರೆ ಹೌದು. ಖರ್ಚಿಗೆ ತಕ್ಕ ಫಲ ಇಷ್ಟು ಎದ್ದು ಕಾಣುವುದು ಇಲ್ಲಿಯೇ. ಗೋಪುರದ ಆಕಾರದ ಹೀಟ್‌ಸಿಂಕುಗಳಲ್ಲಿ ತಾಮ್ರದ ಕೊಳವೆಗಳಿರುತ್ತವೆ. ಒಳಗೆ ಒಂದಿಷ್ಟೇ ದ್ರವ. ಚಿಪ್ಪಿನ ಕಾವಿಗೆ ಅದು ಆವಿಯಾಗಿ ಮೇಲೆ ಹೋಗಿ, ರೆಕ್ಕೆಗಳ ಬಳಿ ತಣಿದು, ಕೊಳವೆಯ ಒಳಮೈಯ ಜಾಲದ ಮೂಲಕ ಬತ್ತಿಯಲ್ಲಿ ಎಣ್ಣೆ ಏರಿದಂತೆ ಹಿಂದಿರುಗುತ್ತದೆ. ಸದ್ದಿಲ್ಲ, ಸವೆತವಿಲ್ಲ. 65 ವಾಟಿನ ಚಿಪ್ಪಿಗೆ ನಾಲ್ಕು ಕೊಳವೆಯ, 120 ಮಿಲಿಮೀಟರ್ ಫ್ಯಾನಿನ ಒಂಟಿ ಗೋಪುರ ಸಾಕು. ಆಸ್ಟ್ರಿಯಾದ ನಾಕ್ಚುವಾ ಕಂಪನಿಯ ಜೋಡಿ ಗೋಪುರ ಎನ್‌ಎಚ್-ಡಿ15 ಹೆಸರುವಾಸಿ. ಆದರೆ ಅದರ ಎತ್ತರ 165 ಮಿಲಿಮೀಟರ್, ಆ ಎತ್ತರ ಬೋರ್ಡಿನಿಂದ ಬಗಲಿನ ತಗಡಿನ ಕಡೆಗೆ ಚಾಚುತ್ತದೆ. ಕೊಳ್ಳುವ ಮೊದಲು ಪೆಟ್ಟಿಗೆಯ ಅಗಲವನ್ನು ಅಳತೆಪಟ್ಟಿಯಿಂದ ಅಳೆಯಿರಿ, ಕಣ್ಣಳತೆ ನಂಬಬೇಡಿ.

ಗೋಪುರದ ಫ್ಯಾನು ಹಿಂದಿನ ಫ್ಯಾನಿನ ಕಡೆಗೆ ಊದುತ್ತಿರಬೇಕು. ತಿರುಗುಮುರುಗಾಗಿ ಹಾಕಿದ್ದನ್ನು ನಾನು ಕನಿಷ್ಠ ನಾಲ್ಕು ಕಡೆ ಸರಿಪಡಿಸಿದ್ದೇನೆ.

ನೀರಿನ ಕೂಲಿಂಗ್ ಇನ್ನೂ ಸುಮ್ಮನಿರುವುದಿಲ್ಲವೇ?

ಅದರಲ್ಲಿಯೂ ಫ್ಯಾನುಗಳು ಇರುತ್ತವೆ, ಮೇಲಿಂದ ಒಂದು ಪಂಪು. ಯಂತ್ರ ಖಾಲಿ ಕುಳಿತಾಗಲೂ ಪಂಪು ಗುನುಗುತ್ತಿರುತ್ತದೆ. ಅದೂ ಕೊನೆಗೆ ಕೋಣೆಯ ಗಾಳಿಯಿಂದಲೇ ತಣಿಯಬೇಕು. 200 ವಾಟ್ ದಾಟಿಸುವ ಚಿಪ್ಪು ನಿಮ್ಮದಲ್ಲದಿದ್ದರೆ ಗಾಳಿಯೇ ಲೇಸು. ಗಾಳಿಯ ಹೀಟ್‌ಸಿಂಕಿನಲ್ಲಿ ಕೆಡುವುದು ಫ್ಯಾನು ಒಂದೇ, ಅದನ್ನು ಹತ್ತು ನಿಮಿಷದಲ್ಲಿ ಬದಲಿಸಬಹುದು.

ಕಟಕಟ ಎನ್ನುವ ಫ್ಯಾನಿಗೆ ಕೊಬ್ಬರಿ ಎಣ್ಣೆ ಬಿಡಬಹುದೇ?

ಬೇಡ. ಚಳಿಗಾಲದಲ್ಲಿ ಅದು ತಲೆಯ ಮೇಲೆಯೇ ಹೆಪ್ಪುಗಟ್ಟುತ್ತದೆ, ಬೇರಿಂಗಿನಲ್ಲಿ ಅಂಟಾಗುತ್ತದೆ. ಫ್ಯಾನಿನ ಹಿಂದಿನ ಚೀಟಿಯನ್ನು ಅರ್ಧ ಬಿಡಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಇದು ಸ್ಲೀವ್ ಬೇರಿಂಗಿಗೆ ಮಾತ್ರ, ಅದೂ ಕೆಲವು ತಿಂಗಳ ಮಟ್ಟಿಗೆ. ಸ್ಲೀವ್ ಬೇರಿಂಗಿನ ಎಣ್ಣೆ ಕಾವಿಗೆ ಆರಿಹೋಗುತ್ತದೆ, ನಮ್ಮ ಬೇಸಿಗೆಗೆ ಅದು ತಕ್ಕುದಲ್ಲ. ಹೊಸದನ್ನು ಕೊಳ್ಳುವಾಗ ಫ್ಲೂಯಿಡ್ ಡೈನಮಿಕ್ ಬೇರಿಂಗ್ ಕೇಳಿ. ಬಾಲ್ ಬೇರಿಂಗ್ ಗಟ್ಟಿ, ಆದರೆ ತುಸು ಮಾತುಗಾರ.

‘ಊಂ… ಊಂ… ಊಂ…’ ಎಂದು ಅಲೆಯಂತೆ ಏರಿಳಿಯುವ ಸದ್ದು ಯಾವುದು?

ಎರಡು ಫ್ಯಾನುಗಳ ಜಗಳ. ಏಳು ರೆಕ್ಕೆಯ ಫ್ಯಾನು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 140 ಸಲ ರೆಕ್ಕೆ ಹಾಯುತ್ತದೆ. ಪಕ್ಕದ್ದು 1230 ಸುತ್ತು ಇದ್ದರೆ 143.5. ಎರಡೂ ಸೇರಿ ಸೆಕೆಂಡಿಗೆ ಮೂರುವರೆ ಸಲ ಏರಿಳಿಯುವ ಒಂದು ಅಲೆ ಹುಟ್ಟುತ್ತದೆ. ತಂಬೂರಿ ಶ್ರುತಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಎರಡರ ನಡುವೆ ಒಂದು ಇನ್ನೂರು ಸುತ್ತು ಅಂತರ ಇಡಿ, ಅಲೆ ಮಾಯವಾಗುತ್ತದೆ.

ಪೆಟ್ಟಿಗೆಯ ಕೆಳಗೆ ಕೌದಿ ಮಡಚಿ ಹಾಕಿದರೆ ನಡುಕ ನಿಲ್ಲುತ್ತದೆಯೇ?

ನಿಲ್ಲುತ್ತದೆ, ನಾನೂ ಹಾಕಿದ್ದೆ. ಮಾರನೆಯ ದಿನ ಎಸ್‌ಎಂಪಿಎಸ್ ಕಾದು ಯಂತ್ರ ಬಂದ್ ಆಯಿತು. ಅದರ ಫ್ಯಾನು ಕೆಳಗಿನಿಂದ ಗಾಳಿ ಎಳೆಯುವ ಜಾತಿಯದು, ನಾನು ಅದರ ಮೂಗಿಗೇ ಕೌದಿ ಒತ್ತಿದ್ದೆ. ಈಗ ನಾಲ್ಕು ಮೂಲೆಗೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ನಾಲ್ಕು ಪದರ ಮಾಡಿ ಇಟ್ಟಿದ್ದೇನೆ. ಹಾರ್ಡ್ ಡಿಸ್ಕಿನ ಸ್ಕ್ರೂಗಳಿಗೂ ಅದೇ ಟ್ಯೂಬಿನ ವಾಷರ್. ಸಾಧ್ಯವಿದ್ದವರು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಬದಲಾಗಿ, ಹಾರ್ಡ್ ಡಿಸ್ಕನ್ನು ಬೇಕಾದಾಗ ಮಾತ್ರ ಹೊರಗಿನಿಂದ ಜೋಡಿಸಿ.

ಗ್ರಾಫಿಕ್ಸ್ ಕಾರ್ಡಿನ ಫ್ಯಾನು ನಿಂತು, ಶುರುವಾಗಿ, ಮತ್ತೆ ನಿಲ್ಲುತ್ತದೆ.

ಬಹಳಷ್ಟು ಕಾರ್ಡುಗಳು 50–60 ಡಿಗ್ರಿಯ ಒಳಗೆ ಫ್ಯಾನನ್ನು ಪೂರ್ತಿ ನಿಲ್ಲಿಸುತ್ತವೆ. ತಂಪು ದೇಶಗಳಿಗೆ ಒಳ್ಳೆಯದು. ನಮ್ಮ ಮೇ ತಿಂಗಳಿನಲ್ಲಿ ಕಾರ್ಡು ಸುಮ್ಮನೆ ಕುಳಿತರೂ ಆ ಗಡಿಯ ಹತ್ತಿರವೇ ಇರುತ್ತದೆ, ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ಈ ನಾಟಕ. ಬೇಸಿಗೆಯಲ್ಲಿ ನಿಲ್ಲುವ ಸೌಲಭ್ಯವನ್ನೇ ತೆಗೆದು ಸದಾ 30 ಶೇಕಡಾದಲ್ಲಿ ಓಡಲು ಬಿಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಿಂದ ಇದನ್ನು ಮಾಡಬಹುದು, ಪವರ್ ಮಿತಿಯನ್ನೂ ಅಲ್ಲಿಯೇ ಇಳಿಸಬಹುದು.

ಹಿಂದೆ ಹೇಳಿದ ತೀಕ್ಷ್ಣ ಕಿರುಚು ಹೆಚ್ಚಾಗಿ ಈ ಕಾರ್ಡಿನದೇ. ವಿದ್ಯುತ್ ಏರಿಳಿತಕ್ಕೆ ತಂತಿಯ ಸುರುಳಿಗಳು ಕಂಪಿಸುವ ಸದ್ದು ಅದು. ಆಟದ ಮೆನುವಿನಲ್ಲಿ ಸೆಕೆಂಡಿಗೆ ನೂರಾರು ಫ್ರೇಮ್ ಓಡುವಾಗ ಜೋರಾಗುತ್ತದೆ. ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿದರೆ ಬಹಳ ಮಟ್ಟಿಗೆ ಅಡಗುತ್ತದೆ.

ಎಸ್‌ಎಂಪಿಎಸ್ ಬಿಚ್ಚಿ ಒಳಗಿನ ಫ್ಯಾನು ಬದಲಿಸಬಹುದೇ?

ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಒಳ್ಳೆಯದನ್ನು ಕೊಂಡುಕೊಳ್ಳಿ. 300 ವಾಟ್ ಬೇಡುವ ಯಂತ್ರಕ್ಕೆ 80 ಶೇಕಡಾ ದಕ್ಷತೆಯ ಎಸ್‌ಎಂಪಿಎಸ್ ತನ್ನೊಳಗೆ 75 ವಾಟ್ ಕಾವು ಹುಟ್ಟಿಸುತ್ತದೆ, 90 ಶೇಕಡಾದ್ದು 33 ವಾಟ್. ಕಡಿಮೆ ಕಾವಿಗೆ ಫ್ಯಾನು ಓಡುವ ಪ್ರಮೇಯವೇ ಕಡಿಮೆ.

ಏರ್‌ಕೂಲರಿನ ತಂಪು ಗಾಳಿಯನ್ನು ಪೆಟ್ಟಿಗೆಯ ಕಡೆಗೆ ತಿರುಗಿಸಿದರೆ?

ಕೋಣೆ ತಂಪಾಗಲಿ, ಆದರೆ ಮೂತಿ ಪೆಟ್ಟಿಗೆಯ ಮೇಲೆ ಬೇಡ. ಬೋರ್‌ವೆಲ್ಲಿನ ಗಡಸು ನೀರಿನ ಹನಿಗಳು ಹಾರಿ ಬಂದರೆ ಉಪ್ಪಿನ ಪದರ ಉಳಿಯುತ್ತದೆ, ಎರೆಧೂಳಿಗೆ ತೇವ ಸೇರಿದರೆ ಗೋಡೆಗೆ ಮೆತ್ತುವ ಕೆಸರೇ ಆಗುತ್ತದೆ. ಇನ್ನು ಕೂಲರ್ ಓಡುತ್ತಿರುವಾಗ ಕಂಪ್ಯೂಟರಿನ ಸದ್ದಿನ ಬಗ್ಗೆ ತಲೆಕೆಡಿಸಿಕೊಳ್ಳುವುದು, ಮಲಿಕ್-ಎ-ಮೈದಾನ್ ತೋಪಿನ ಪಕ್ಕದಲ್ಲಿ ನಿಂತು ಕೈಗಡಿಯಾರದ ಟಿಕ್‌ಟಿಕ್ ಜೋರಾಯಿತು ಎಂದಂತೆ.

ಪೆಟ್ಟಿಗೆಯ ಒಳಗೆ ಫೋಮ್ ಅಂಟಿಸಿದರೆ?

ಹಣ ದಂಡ. ಸದ್ದು ಹೊರಬರುವುದು ಗಾಳಿಯ ದಾರಿಯಿಂದಲೇ, ಅದನ್ನು ಮುಚ್ಚುವ ಹಾಗಿಲ್ಲ. ಕೋಣೆಯ ಕಡೆ ಗಮನ ಕೊಡಿ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಈ ಬದಿ ಪಿಸುಗುಟ್ಟಿದ್ದು ಆ ಬದಿ ಕೇಳಿಸುವುದು ದುಂಡನೆಯ, ಗಟ್ಟಿಯಾದ ನುಣುಪು ಗೋಡೆ ಸದ್ದನ್ನು ನುಂಗದೆ ದಾಟಿಸುವುದರಿಂದ. ಬರಿಯ ಸಿಮೆಂಟು ಗೋಡೆ, ಷಹಾಬಾದ್ ಕಲ್ಲಿನ ನೆಲ, ಪರದೆಯಿಲ್ಲದ ಕಿಟಕಿ ಇರುವ ಕೋಣೆಯೂ ಸಣ್ಣ ಗುಮ್ಮಟವೇ. ಕೌದಿಯನ್ನು ಪೆಟ್ಟಿಗೆಯ ಕೆಳಗೆ ಹಾಕುವ ಬದಲು ಹಿಂದಿನ ಗೋಡೆಗೆ ತೂಗುಹಾಕಿ. ಪೆಟ್ಟಿಗೆಯನ್ನು ಮೇಜಿನ ಮೇಲಿಂದ ಕೆಳಗಿಳಿಸಿ, ನೆಲದಿಂದ ಅರ್ಧ ಅಡಿ ಎತ್ತರದ ಮಣೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿಡಿ. ಬಾಗಿಲಿರುವ ಕಂಪ್ಯೂಟರ್ ಟೇಬಲ್ಲಿನ ಒಳಗೆ ಮಾತ್ರ ಬೇಡ, ಅಲ್ಲಿ ತಾನು ಬಿಟ್ಟ ಬಿಸಿ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಮೊಬೈಲಿನಲ್ಲಿ ಡೆಸಿಬೆಲ್ ಅಳೆಯಬಹುದೇ?

ಮೊದಲು ಮತ್ತು ಆಮೇಲೆ ಎಂದು ಹೋಲಿಸಲು ಸಾಕು, ಅದೂ ಒಂದೇ ಮೊಬೈಲ್, ಒಂದೇ ಜಾಗ, ಒಂದೇ ಹೊತ್ತು ಇದ್ದರೆ. ಅದು ತೋರಿಸುವ ಸಂಖ್ಯೆಯನ್ನು ಇನ್ನೊಬ್ಬರ ಸಂಖ್ಯೆಯ ಪಕ್ಕದಲ್ಲಿಟ್ಟು ವಾದ ಮಾಡಬೇಡಿ. ಬಹಳ ಮೆಲ್ಲನೆಯ ಸದ್ದನ್ನು ಅಳೆಯುವ ಶಕ್ತಿ ಆ ಮೈಕಿಗೆ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮದು ಈಗ ಹೇಗಿದೆ?

ಚಳಿಗಾಲದ ರಾತ್ರಿ ಆನ್ ಆಗಿದೆಯೇ ಎಂದು ದೀಪ ನೋಡಿ ತಿಳಿಯಬೇಕು. ಮೇ ಮಧ್ಯಾಹ್ನ ರೆಂಡರ್ ಹಾಕಿದಾಗ ಕೇಳಿಸುತ್ತದೆ, ಆದರೆ ಮೇಲಿನ ಫ್ಯಾನಿನ ಸದ್ದಿನೊಳಗೆ ಅಡಗುತ್ತದೆ. ಹೋದ ವಾರ ಮತ್ತೆ ಕರೆಂಟು ಹೋಯಿತು. ಈ ಸಲ ಮಗಳು ಕೇಳಿದ್ದು ಯುಪಿಎಸ್‌ನ ಬೀಪ್ ಸದ್ದಿನ ಬಗ್ಗೆ. ಅದನ್ನು ಮುಂದಿನ ಗುಂಡಿ ಒತ್ತಿ ಬಾಯಿ ಮುಚ್ಚಿಸಬಹುದು ಎಂದು ಆ ರಾತ್ರಿಯೇ ಕಲಿತೆ.